ಕೈಬರಹ ಅಳಿಸುವ ಯಂತ್ರ

ನಮ್ಮ ಮಾವ ಫೆಂಗ್ ಯೋಂಗ್‌ಹೆ ವೂಹು ಊರಿನ ಥರ್ಮಾಸ್ ಫ್ಲಾಸ್ಕ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಕೆಲಸ ಮಾಡಿದವರು. ಫ್ಲಾಸ್ಕಿನ ಬಾಯಿಗೆ ಕಿವಿಯಿಟ್ಟು, ಒಳಗಿನ ಗುಂಯ್ ಸದ್ದು ಕೇಳಿ, ಪಾಸೋ ಫೇಲೋ ಹೇಳುವುದು ಅವರ ಕಸುಬು. ನಿವೃತ್ತಿಯಾದ ಮೇಲೆ ಕಿವಿ ಮಂದವಾಯಿತು, ಅನುಮಾನ ಮಾತ್ರ ಚುರುಕಾಗಿಯೇ ಉಳಿಯಿತು. ಮೀನು ಮಾರುವವನ ತಕ್ಕಡಿ, ನೀರಿನ ಮೀಟರು, ನಾನು ತರುವ ಮೊಟ್ಟೆ, ಯಾವುದನ್ನೂ ನಂಬುವುದಿಲ್ಲ. ನಾನು ಸೊಸೆಯಾಗಿ ಬಂದು ಹನ್ನೆರಡು ವರ್ಷವಾಯಿತು. ನಾನು ಪಾಸಾಗಿದ್ದೇನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಅವರು ಯಾವತ್ತೂ ಅನುಮಾನಿಸದ ಒಂದೇ ಜೀವ ನನ್ನ ಮಗಳು ಶುಶು. ನಾಲ್ಕನೇ ಕ್ಲಾಸು. ನನ್ನ ಗಂಡನಿಗೆ ನದಿಯ ಸರಕು ಹಡಗಿನಲ್ಲಿ ಕೆಲಸ, ನನಗೆ ಬಸ್ ಡಿಪೋದಲ್ಲಿ ಪಾಳಿ. ಹಾಗಾಗಿ ಅವಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು, ಪರೀಕ್ಷೆಯ ಪತ್ರಿಕೆಗಳಿಗೆ ಮನೆಯವರ ಸಹಿ ಹಾಕುವುದು, ಎಲ್ಲ ಮಾವನದೇ.

ಪ್ರಿಂಟರ್ ತರುವ ಮಾತು ಬಂದದ್ದೂ ಸ್ಕೂಲಿನಿಂದಲೇ. ಟೀಚರ್ ದಿನಾ ಸಂಜೆ ಪೋಷಕರ ಗ್ರೂಪಿಗೆ ಲೆಕ್ಕದ ಹಾಳೆ ಕಳಿಸುತ್ತಾರೆ. ಅದನ್ನು ಪ್ರಿಂಟ್ ಹಾಕಿಸಿ ಮಕ್ಕಳಿಂದ ಮಾಡಿಸುವುದು ನಮ್ಮ ಪಾಡು. ಸ್ಕೂಲ್ ಗೇಟಿನ ಎದುರಿಗೇ ಒಂದು ಜೆರಾಕ್ಸ್ ಅಂಗಡಿ. ಅದನ್ನು ನಡೆಸುವ ಹೆಂಗಸಿಗೂ ಟೀಚರಿಗೂ ವಾಂಗ್ ಎಂಬ ಒಂದೇ ಮನೆತನದ ಹೆಸರು ಎಂದು ಮಾವ ಪತ್ತೆ ಹಚ್ಚಿದರು. ಇಬ್ಬರೂ ಅಕ್ಕತಂಗಿಯರೇ ಇರಬೇಕು, ಹಾಳೆ ಹೆಚ್ಚಾದಷ್ಟೂ ಇಬ್ಬರಿಗೂ ಲಾಭ ಎಂದು ತೀರ್ಮಾನಿಸಿದರು. ನಮ್ಮ ಬೀದಿಯಲ್ಲೇ ಏಳು ಮನೆಯವರು ವಾಂಗ್‌ಗಳು ಎಂದರೆ ಕೇಳಬೇಕಲ್ಲ. ಆ ಜಾಲದಲ್ಲಿ ಬೀಳುವ ಬದಲು ಮನೆಗೇ ಒಂದು ಪ್ರಿಂಟರ್ ತರೋಣ ಎಂದರು.

ಭಾನುವಾರ ಇಬ್ಬರೂ ಕಂಪ್ಯೂಟರ್ ಮಾರುಕಟ್ಟೆಗೆ ಹೋದೆವು. ಅಂಗಡಿಯವರ ಮಾದರಿ ಹಾಳೆಯಲ್ಲಿ ಏನೋ ಮೋಸವಿರುತ್ತದೆ ಎಂದು ಮಾವ ಮನೆಯಿಂದಲೇ ಒಂದು ಹಾಳೆ ತಂದಿದ್ದರು. ಊಟದ ಮೇಜಿನ ಗಾಜಿನಡಿ ಇಟ್ಟಿದ್ದ ಶುಶುವಿನ ಗಣಿತ ಪತ್ರಿಕೆ ಅದು. ತೊಂಬತ್ತೊಂದು ಅಂಕ, ಪಕ್ಕದಲ್ಲಿ ಅವರ ಸಹಿ. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಮೊದಲ ಮೂರು ಅಂಗಡಿಗಳಲ್ಲಿ ನಾನು ತಲೆ ತಗ್ಗಿಸಿಕೊಂಡೇ ನಿಂತಿದ್ದೆ. ಅಗ್ಗದ ಪ್ರಿಂಟರ್ ತೋರಿಸಿದರೆ ಆಮೇಲೆ ಇಂಕಿನಲ್ಲಿ ಸುಲಿಯುತ್ತಾರೆ ಎಂದರು ಮಾವ. ದುಬಾರಿಯದು ತೋರಿಸಿದರೆ ಇವರು ಈಗಲೇ ಸುಲಿಯುತ್ತಿದ್ದಾರೆ ಎಂದರು. ಇಂಕಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಪೆಟ್ಟಿಗೆಯ ಟೇಪನ್ನು ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ಉಗುರಿನಿಂದ ಕೆರೆದರು. ಪುಕ್ಕಟೆ ಕೊಟ್ಟ ಟೀಯನ್ನೂ ಮುಟ್ಟಲಿಲ್ಲ.

ನಾಲ್ಕನೆಯ ಅಂಗಡಿಯ ಹುಡುಗಿ ಗಟ್ಟಿಗಿತ್ತಿ. ಎಂಟುನೂರ ತೊಂಬತ್ತು ಯುವಾನಿನ ಒಂದು ಪ್ರಿಂಟರಿನ ಮುಂದೆ ನಮ್ಮನ್ನು ನಿಲ್ಲಿಸಿ, ಮಾವನ ಹಾಳೆಯ ಫೋಟೊ ತೆಗೆದು, ಫೋನಿನಲ್ಲಿ ಏನೋ ಒತ್ತಿದಳು. ಹೊರಗೆ ಬಂದದ್ದು ಅದೇ ಪತ್ರಿಕೆ. ಆದರೆ ಅದರಲ್ಲಿ ಉತ್ತರಗಳಿಲ್ಲ, ಕೆಂಪು ಗುರುತುಗಳಿಲ್ಲ, ಅಂಕವಿಲ್ಲ, ಸಹಿಯೂ ಇಲ್ಲ, ಬರೀ ಪ್ರಶ್ನೆಗಳು. ಮಕ್ಕಳು ತಪ್ಪು ಮಾಡಿದ ಲೆಕ್ಕವನ್ನು ಮತ್ತೊಮ್ಮೆ ಮಾಡಲಿ ಎಂದು ಈ ಏರ್ಪಾಡು, ಈಗ ಎಲ್ಲರೂ ಕೇಳುವುದು ಇದನ್ನೇ ಎಂದಳು. ಆಮೇಲೆ ಮಾವನ ಹಾಳೆಯನ್ನು ದೀಪದ ಕೆಳಗೆ ಹಿಡಿದು ನಕ್ಕಳು.

"ತಾತ, ನಿಮಗೆ ಇದು ಹೊಸದೇನಲ್ಲ ಬಿಡಿ. ನೀವು ತಂದಿರೋದೂ ಹಿಂಗೆ ಅಳಿಸಿ ತೆಗೆದಿರೋ ಕಾಪೀನೇ. ನೋಡಿ, ಹಳೇ ಬರಹದ ನೆರಳು ಇಲ್ಲಿ ಉಳ್ಕೊಂಡಿದೆ."

ಮಾವ ಹಾಳೆ ಕಸಿದುಕೊಂಡು ನೋಡಿದರು. ನಾನೂ ಬಗ್ಗಿದೆ. ಶುಶು ಬರೆದಿದ್ದ ಎಂಟರ ಅಡಿಯಲ್ಲಿ ಬೂದು ಬಣ್ಣದ ಐದು ಮಸುಕಾಗಿ ಕಾಣುತ್ತಿತ್ತು. ಸ್ಕೂಲಿನ ಪತ್ರಿಕೆಗಳೆಲ್ಲ ಕಂದು ಬಣ್ಣದ ಒರಟು ಕಾಗದ; ಇದು ಜೆರಾಕ್ಸ್ ಅಂಗಡಿಯ ಬಿಳಿ ಹಾಳೆ. ಎರಡು ತಿಂಗಳಿಂದ ಅದರ ಮೇಲೇ ಬಟ್ಟಲಿಟ್ಟು ಊಟ ಮಾಡಿದವರಿಗೆ ಅಂಕ ಕಂಡಿತ್ತು, ಕಾಗದ ಕಂಡಿರಲಿಲ್ಲ. ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟು, ಹೇಳಿದ ಬೆಲೆಯನ್ನು ಕೊಟ್ಟು ಪ್ರಿಂಟರ್ ಎತ್ತಿಕೊಂಡರು. ಮಾವ ಚೌಕಾಸಿ ಮಾಡದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಭಯವಾಯಿತು.

ಮನೆಗೆ ಬಂದವಳೇ ನಾನು ಮಗಳನ್ನು ಬೈಯಲು ಶುರು ಮಾಡಿದೆ. ಮಾವ ಕೈಯೆತ್ತಿ ತಡೆದು, ಅಸಲಿ ಪತ್ರಿಕೆ ತಾ ಎಂದಷ್ಟೇ ಅವಳಿಗೆ ಹೇಳಿದರು. ಅವಳು ಹಾಸಿಗೆಯಡಿಯಿಂದ ತಂದಳು. ಐವತ್ತೆಂಟು ಅಂಕ. ಅದರ ಪಕ್ಕದಲ್ಲೂ ಮಾವನ ಸಹಿ. ಅಳುತ್ತಲೇ ಎಲ್ಲ ಒಪ್ಪಿಕೊಂಡಳು: ಗೇಟಿನೆದುರಿನ ಅಂಗಡಿಯಲ್ಲಿ ಬರಹ ಅಳಿಸಿದ ಕಾಪಿ ತೆಗೆಸಿ, ಸರಿ ಉತ್ತರ ತುಂಬಿ, ಕೆಂಪು ಪೆನ್ನಿನಲ್ಲಿ ತಾನೇ ಅಂಕ ಹಾಕಿ ತಾತನಿಗೆ ಕೊಟ್ಟಿದ್ದಾಳೆ. ಅದಕ್ಕೆ ಅವರು ಹಾಕಿದ ಸಹಿಯನ್ನು ನೋಡಿಕೊಂಡು ಅಸಲಿಯ ಮೇಲೆ ತಾನೇ ಬರೆದು ಟೀಚರಿಗೆ ತೋರಿಸಿದ್ದಾಳೆ. ಮಾವ ಎರಡೂ ಸಹಿಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಗೊತ್ತಾಗದೆ ಹೋಗಿದ್ದರೆ ಎರಡನ್ನೂ ನನ್ನದೇ ಅನ್ನುತ್ತಿದ್ದೆ ಎಂದರು.

"ನನ್ನ ಹತ್ರ ಯಾಕೆ ತರ್ಲಿಲ್ಲ?"

"ನೀವು ನನ್ನೊಬ್ಬಳನ್ನೇ ಅಲ್ವಾ ತಾತ ನಂಬೋದು," ಎಂದಳು ಶುಶು. "ಐವತ್ತೆಂಟು ಅಂದ್ರೆ ನನ್ನನ್ನೂ ನಂಬಲ್ಲ ಅಂದ್ಕೊಂಡೆ."

ಮಾವ ಜೇಬಿನಿಂದ ಪೆನ್ನು ತೆಗೆದು ಐವತ್ತೆಂಟರ ಕೆಳಗೆ, ಅವಳ ಕಳ್ಳ ಸಹಿಯ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ನಾಳೆ ಸ್ಕೂಲಿಗೆ ಇಬ್ಬರೂ ಹೋಗಿ ಟೀಚರಿಗೆ ಹೇಳೋಣ ಎಂದರು. ಆಮೇಲೆ ಅವಳ ಮೂಗು ಒರೆಸಿದರು.

"ಇನ್ಮೇಲೆ ಐವತ್ತೆಂಟು ಬಂದ್ರೆ ಮೊದ್ಲು ನನ್ನ ಹತ್ರ ಬಾ. ತೊಂಬತ್ತೊಂದು ಬಂದ್ರೆ ನಿಮ್ಮಮ್ಮಂಗೆ ತೋರ್ಸು."

ಅಂದಿನಿಂದ ನನ್ನ ಕೈಗೆ ಒಳ್ಳೆಯ ಪತ್ರಿಕೆಗಳೇ ಬರುತ್ತಿವೆ. ಸಂಜೆ ಪಾಳಿ ಮುಗಿಸಿ ಬಂದರೆ ಒಳಕೋಣೆಯಲ್ಲಿ ಪ್ರಿಂಟರ್ ಓಡುತ್ತಿರುತ್ತದೆ. ನಾನು ಇಣುಕಿದರೆ ತಾತ ಮೊಮ್ಮಗಳು ಇಬ್ಬರೂ ಮಾತು ನಿಲ್ಲಿಸಿ, ಹಾಳೆಗಳನ್ನು ಮಗುಚಿಡುತ್ತಾರೆ. ಅದರಲ್ಲಿ ಎಷ್ಟು ಐವತ್ತೆಂಟುಗಳಿವೆಯೋ ನನಗೆ ಗೊತ್ತಿಲ್ಲ. ಒಂದಾದರೂ ನನ್ನ ಹತ್ತಿರ ಯಾಕೆ ಬರುವುದಿಲ್ಲ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.