ಚಿಗವ್ವನ ಖಾರವನ್ನು ನಾನು ತೂಗಿದ್ದು

ನನ್ನ ದಿನಚರಿಯ ೨೦೦೭ರ ಏಪ್ರಿಲ್ ಹತ್ತರ ಪುಟದಲ್ಲಿ ಹದಿನಾಲ್ಕು ಸಾಲುಗಳಿವೆ. ಸಾಲಿಗೊಂದು ಮಸಾಲೆ ಸಾಮಾನು, ಅದರ ಮುಂದೆ ಎರಡು ತೂಕ. ಮೊದಲನೆಯದು ಬೆಳಿಗ್ಗೆ ಡಬ್ಬಿಯಲ್ಲಿ ಇದ್ದದ್ದು, ಎರಡನೆಯದು ಸಂಜೆ ಉಳಿದದ್ದು. ಒಂದರಿಂದ ಒಂದನ್ನು ಕಳೆದರೆ ಚಿಗವ್ವನ ಕೈ ಎಷ್ಟು ತೆಗೆದುಕೊಂಡಿತು ಎಂದು ತಿಳಿಯುತ್ತದೆ. ದಾಲ್ಚಿನ್ನಿ ನಲವತ್ತೆರಡು ಗ್ರಾಂ. ಲವಂಗ ಮೂವತ್ತೊಂದು. ಕಲ್ಲುಹೂವು ಹದಿನೆಂಟು. ತಕ್ಕಡಿ ಅಪ್ಪನ ಕಿರಾಣಿ ಅಂಗಡಿಯದು, ಆಗಷ್ಟೇ ಕೊಂಡ ಎಲೆಕ್ಟ್ರಾನಿಕ್ ತಕ್ಕಡಿ.

ಸುಮ್ಮನೆ ಅಭ್ಯಾಸಬಲದಿಂದ ತೂಗಿದೆ, ಆಗ ಬೇರೆ ಯೋಚನೆ ಇರಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಅದೇ ಪುಟದ ಕೆಳಗೆ ಪೆನ್ಸಿಲಿನಲ್ಲಿ ‘ಬ್ಲಾಗಿಗೆ?’ ಎಂದು ಬರೆದಿದ್ದೇನೆ. ಅಕ್ಷರ ನನ್ನದೇ.

ಚಿಗವ್ವ ನಮಗೆ ಸಂಬಂಧಿಯಲ್ಲ. ಬ್ಯಾಡಗಿಯಲ್ಲಿ ನಮ್ಮ ಓಣಿಯ ಕೊನೆಯ ಮನೆಯವಳು. ಓಣಿಯ ಮಕ್ಕಳೆಲ್ಲ ಹಾಗೆಯೇ ಕರೆಯುತ್ತಿದ್ದರು. ಬೇಸಿಗೆ ಬಂತೆಂದರೆ ಮನೆಮನೆಗೆ ಹೋಗಿ ವರ್ಷದ ಮಸಾಲೆ ಖಾರ ಮಾಡಿಕೊಡುವುದು ಅವಳ ಕೆಲಸ. ನಮ್ಮ ಊರಿನಲ್ಲಿ ಮೆಣಸಿನಕಾಯಿಗೇನೂ ಬರವಿಲ್ಲ, ಆದರೆ ಅದನ್ನು ಯಾವ ಹದಕ್ಕೆ ಒಣಗಿಸಬೇಕು, ಯಾವುದನ್ನು ಎಣ್ಣೆಯಲ್ಲಿ ಹುರಿಯಬೇಕು, ಯಾವುದು ಎಷ್ಟು ಎಂಬುದೆಲ್ಲ ಎಲ್ಲರಿಗೂ ಬರುವುದಿಲ್ಲ. ಬ್ಯಾಡಗಿಯ ಮನೆಗಳಷ್ಟೇ ಅಲ್ಲ, ಹಾವೇರಿ, ರಾಣೆಬೆನ್ನೂರಿನಿಂದಲೂ ಅವಳಿಗೆ ಕರೆ ಬರುತ್ತಿತ್ತು. ಮಾರ್ಚಿನಿಂದ ಮೇ ತನಕ ದುಡಿದದ್ದರಲ್ಲಿ ಅವಳ ವರ್ಷ ಸಾಗಬೇಕು.

ಬೇರೆಯವರ ಮನೆಗೆ ಹೋಗುವಾಗ ಅವಳು ಮಸಾಲೆಯನ್ನು ತನ್ನ ಮನೆಯಲ್ಲೇ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಒಯ್ಯುತ್ತಿದ್ದಳು. ಒಳಗೆ ಏನು, ಎಷ್ಟು ಎಂದು ಯಾರೂ ನೋಡುವಂತಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಎಲ್ಲವನ್ನೂ ನಮ್ಮ ಒಲೆಯ ಮೇಲೆಯೇ, ನಮ್ಮ ಡಬ್ಬಿಗಳಿಂದಲೇ ಮಾಡುತ್ತಿದ್ದಳು. ಅವ್ವ ಮತ್ತು ಅವಳು ನಾಲ್ಕು ದಿನ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಓಣಿಯ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತಿದ್ದರು. ಮತ್ತೊಂದು ಕಾರಣ ನಾನು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಯಾವ ಮನೆಗೆ ಯಾವ ದಿನ ಹೋಗಬೇಕು, ಎಷ್ಟು ಸೇರು ಖಾರ ಎಂಬ ಪಟ್ಟಿಯನ್ನು ಆರನೇ ತರಗತಿಯಿಂದ ನಾನೇ ಬರೆದಿಡುತ್ತಿದ್ದೆ. ಅವಳಿಗೆ ಬಂದ ಕಾಗದ, ಕರೆಂಟಿನ ಬಿಲ್ಲು, ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ.

“ನನ್ನ ಕಣ್ಣ ಇಕಿ ಕಡೆ ಅದಾವ ನೋಡ,” ಎಂದು ಅವ್ವನ ಮುಂದೆ ಹೇಳುತ್ತಿದ್ದಳು. “ನಾ ಬರೇ ಕೈ ತಗೊಂಡು ಅಡ್ಡಾಡತೇನಿ.”

ಆಗ ನಾನು ಹಾವೇರಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ. ೨೦೦೬ರ ಆಗಸ್ಟಿನಲ್ಲಿ ಅಲ್ಲಿ ಕುಳಿತು ಕನ್ನಡದಲ್ಲೊಂದು ಬ್ಲಾಗು ಶುರು ಮಾಡಿದೆ. ಬಸ್ಸು ಎಷ್ಟು ದಿನ ತಡವಾಯಿತು, ಒಂದು ತಿಂಗಳಲ್ಲಿ ಕಂಡಕ್ಟರ್ ಎಷ್ಟು ಸಲ ಚಿಲ್ಲರೆ ಉಳಿಸಿಕೊಂಡ, ಇಂಥವನ್ನೆಲ್ಲ ಎಣಿಸಿ ಬರೆಯುತ್ತಿದ್ದೆ. ಖಾಯಂ ಓದುಗರು ಹನ್ನೊಂದು ಮಂದಿ. ಅವರಲ್ಲಿ ಇಬ್ಬರು ನನ್ನ ಸಹಪಾಠಿಗಳು.

ಬ್ಲಾಗಿನಿಂದ ದುಡ್ಡು ಬರುತ್ತದೆ ಎಂದು ಮೊದಲು ಹೇಳಿದವನು ಕೆಫೆಯ ಮಾಲೀಕ. ನನ್ನ ಪುಟ ನೋಡಿ ನಕ್ಕ.

“ಕಂಡಕ್ಟರನ ಎಂಟಾಣೆ ಲೆಕ್ಕ ಬರದು ನೀ ನನಗ ಹದಿನೈದು ರೂಪಾಯಿ ಕೊಡಾಕತ್ತೀಯಲ್ಲ ತಂಗಿ. ಜಾಹೀರಾತು ಹಚ್ಚು. ಯಾರರ ಅದನ್ನ ಒತ್ತಿದ್ರ ನಿನಗ ಡಾಲರ್ ಬೀಳತಾವ.”

“ಹಚ್ಚೇನಿ. ಬರವಲ್ದು.”

“ಕನ್ನಡದಾಗ ಬರದ್ರ ಎಲ್ಲಿ ಬರಬೇಕ? ಆ ಕಂಪನ್ಯಾವಗ ಕನ್ನಡ ತಿಳೀತೈತೇನ? ಇಂಗ್ಲಿಷ್‌ದಾಗ ಬರಿ. ಮಂದಿ ಹುಡುಕೂ ಅಂಥಾದ್ದು ಬರಿ.”

ಇಂಗ್ಲಿಷಿನಲ್ಲಿ ಎರಡನೇ ಬ್ಲಾಗು ತೆರೆದೆ. ಯಾವ ದಾರಿಯಲ್ಲಿ ಎಷ್ಟು ದುಡ್ಡು ಎಂದು ದಿನಚರಿಯಲ್ಲಿ ಕೋಷ್ಟಕ ಹಾಕಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡಿ ಹಾಕಿದೆ: ನೋಡಿದವರು ನೂರಾರು, ಜಾಹೀರಾತು ಒತ್ತಿದವರು ಇಬ್ಬರು. ಪುಸ್ತಕ ಮಾರುವ ಅಂಗಡಿಯೊಂದರ ಕೊಂಡಿ ಹಾಕಿದೆ. ನನ್ನ ಕೊಂಡಿಯಿಂದ ಹೋಗಿ ಯಾರಾದರೂ ಕೊಂಡರೆ ನನಗೆ ಕಮಿಷನ್. ಐದು ತಿಂಗಳಲ್ಲಿ ಒಬ್ಬರೂ ಕೊಳ್ಳಲಿಲ್ಲ. ಬೇರೆಯವರ ಜಾಲತಾಣಕ್ಕೆ ಲೇಖನ ಬರೆದುಕೊಟ್ಟರೆ ದುಡ್ಡು ಎಂಬ ಕಡೆಗೆ ಮೂರು ಲೇಖನ ಕಳಿಸಿದೆ. ಉತ್ತರ ಬರಲಿಲ್ಲ.

ಜುಲೈ ಇಪ್ಪತ್ತೆರಡರಂದು ಖಾರದ ಪುಟ ಹಾಕಿದೆ. ಬ್ಯಾಡಗಿಯ ಖಾರ ಮಾಡುವ ಹೆಂಗಸೊಬ್ಬಳ ನಿಜವಾದ ಅಳತೆ, ಗ್ರಾಂ ಲೆಕ್ಕದಲ್ಲಿ, ಇದುವರೆಗೆ ಎಲ್ಲೂ ಹೊರಬಿದ್ದಿಲ್ಲ, ಎಂದು ಶೀರ್ಷಿಕೆಯಲ್ಲೇ ಬರೆದೆ. ಅವಳ ಹೆಸರು ಹಾಕಲಿಲ್ಲ. ಹೆಸರು ಹಾಕದಿದ್ದರೆ ತಪ್ಪಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲ ವಾರ ನಲವತ್ತು ಮಂದಿ ನೋಡಿದರು. ದೀಪಾವಳಿಯ ಹೊತ್ತಿಗೆ ದಿನಕ್ಕೆ ಮುನ್ನೂರು. ಪುಣೆ, ಮುಂಬೈ, ದುಬೈಗಳಿಂದ ಕೃತಜ್ಞತೆಯ ಟಿಪ್ಪಣಿಗಳು ಬಂದವು. ನಮ್ಮಜ್ಜಿಯ ಕೈ ರುಚಿ ನೆನಪಾಯಿತು ಎಂದು ಒಬ್ಬರು ಬರೆದಿದ್ದರು. ಜಾಹೀರಾತಿನ ಗಳಿಕೆ ನೂರು ಡಾಲರ್ ತುಂಬಿದರಷ್ಟೇ ಕಂಪನಿ ಕೊಡುತ್ತಿತ್ತು; ೨೦೦೮ರ ಫೆಬ್ರುವರಿಯಲ್ಲಿ ಅದು ದಾಟಿ, ಅಂಚೆಯಲ್ಲಿ ಚೆಕ್ ಬಂತು. ಹಾವೇರಿಯ ಬ್ಯಾಂಕಿನ ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, “ಇದು ಯಾತರ ರೊಕ್ಕನವಾ?” ಎಂದು ಕೇಳಿದರು.

“ಬರದಿದ್ದಕ್ಕರಿ.”

“ಏನ್ ಬರದಿ?”

“ಅಡಗಿ.”

“ಅಡಗಿ ಬರದ್ರ ರೊಕ್ಕ ಕೊಡತಾರ? ನಮ್ಮನ್ಯಾಕಿ ಇಪ್ಪತ್ತ ವರ್ಷ ಮಾಡೇ ಹಾಕ್ಯಾಳ, ಒಂದ ರೂಪಾಯಿ ಬಂದಿಲ್ಲ.” ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ.

ಆ ಹಣದಲ್ಲಿ ಅವ್ವನಿಗೊಂದು ಸೀರೆ, ನನಗೊಂದು ಕೈಗಡಿಯಾರ ಕೊಂಡೆ; ಕಂಪ್ಯೂಟರಿನಲ್ಲಿ ಬರೆದದ್ದಕ್ಕೆ ಡಾಲರ್ ಬಂತು ಎಂದಷ್ಟೇ ಅವ್ವನಿಗೆ ಹೇಳಿದೆ. ಚಿಗವ್ವನಿಗೆ ಅರ್ಧ ಕಿಲೋ ಪೇಢೆ. ಯಾಕೆ ಎಂದು ಅವಳು ಕೇಳಿದಾಗ ಪರೀಕ್ಷೆಯಲ್ಲಿ ಪಾಸಾದೆ ಎಂದೆ. ಫಲಿತಾಂಶ ಬಂದು ಎರಡು ತಿಂಗಳಾಗಿತ್ತು. “ಹಿಂಗ ಮುಂದ ಹೋಗವಾ,” ಎಂದು ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದಳು. ಅವಳ ಬೆರಳಿನಿಂದ ಲವಂಗದ ವಾಸನೆ ಬರುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ನಾನು ಬರೆದ ಪಟ್ಟಿ ಚಿಕ್ಕದಾಯಿತು. ೨೦೦೬ರಲ್ಲಿ ಮೂವತ್ತನಾಲ್ಕು ಮನೆ, ೨೦೦೭ರಲ್ಲಿ ಮೂವತ್ತಾರು, ೨೦೦೮ರಲ್ಲಿ ಇಪ್ಪತ್ತೇಳು. ಬಿಟ್ಟುಹೋದ ಒಂಬತ್ತು ಮನೆಗಳನ್ನು ನಾನು ವಿಂಗಡಿಸಿದೆ. ಎರಡು ಮನೆಯವರು ಊರು ಬಿಟ್ಟಿದ್ದರು. ನಾಲ್ಕು ಮನೆಯವರು ಪ್ಯಾಕೆಟಿನ ಖಾರಕ್ಕೆ ಹೋಗಿದ್ದರು. ಉಳಿದ ಮೂವರು, “ಈ ಸರ್ತಿ ಮನ್ಯಾಗ ನಾವ ಮಾಡಕೊಂತೇವಿ” ಎಂದಿದ್ದರು. ಮೂರೂ ರಾಣೆಬೆನ್ನೂರಿನ, ಹಾವೇರಿಯ ಮನೆಗಳು. ಮೂರರಲ್ಲೂ ಕಂಪ್ಯೂಟರ್ ಇತ್ತು. ಈ ಕೊನೆಯ ವಿಷಯವನ್ನು ನಾನು ದಿನಚರಿಯಲ್ಲಿ ಬರೆಯಲಿಲ್ಲ.

ಆಗಸ್ಟ್ ಹದಿನೇಳು, ಮಳೆ ಹಿಡಿದಿದ್ದ ಮಧ್ಯಾಹ್ನ. ಚಿಗವ್ವ ಸೆರಗಿನಲ್ಲಿ ಒಂದು ಗಾಜಿನ ಭರಣಿ, ಮಡಚಿದ ಎರಡು ಹಾಳೆ ಇಟ್ಟುಕೊಂಡು ನಮ್ಮ ಮನೆಗೆ ಬಂದಳು. ಭರಣಿಯ ಖಾರದ ಮೇಲೆ ಬೂದು ಬಣ್ಣದ ಬೂಷ್ಟು ಕಟ್ಟಿತ್ತು.

“ರಾಣೆಬೆನ್ನೂರ ವಕೀಲರ ಮನ್ಯಾಕಿ ಕಳಿಸ್ಯಾಳ ನೋಡ,” ಎಂದು ಅವ್ವನಿಗೆ ತೋರಿಸಿದಳು. “ನಿನ್ನ ಖಾರ ಕೆಟ್ಟೈತಿ ಅಂತ. ಈ ವರ್ಷ ನಾ ಅವರ ಮನಿ ಹೊಸ್ತಿಲಾ ತುಳದಿಲ್ಲ, ನನ್ನ ಖಾರ ಹೆಂಗ ಕೆಡತೈತಿ? ಕೇಳಿದ್ರ, ಸೊಸಿ ನಿನ್ನ ಅಳತಿಲೇ ಮಾಡ್ಯಾಳ, ಕಂಪ್ಯೂಟರ್‌ದಾಗ ಬ್ಯಾಡಗಿ ಖಾರದಾಕಿದು ಅಂತ ಬಂದಿತ್ತು, ಬ್ಯಾಡಗ್ಯಾಗ ಖಾರದಾಕಿ ಅಂದ್ರ ಮತ್ತ್ಯಾರು, ಅಂತಾಳ.” ಹಾಳೆಗಳನ್ನು ನನ್ನ ಕೈಗಿಟ್ಟಳು. “ಇಂಗ್ಲಿಷ್ ಐತಂತ. ಓದಿ ಹೇಳವಾ, ಯಾವ ಭಾಡ್ಯಾ ನನ್ನ ಬಾಯಾಗ ಮಣ್ಣ ಹಾಕ್ಯಾನ ನೋಡೂಣು.”

ಹಾಳೆಯ ಮೇಲ್ಭಾಗದಲ್ಲಿ ನಾನು ಆರಿಸಿದ ಕೆಂಪು ಬಣ್ಣದ ಶೀರ್ಷಿಕೆ ಮಾಸಿ ಬೂದಾಗಿ ಮುದ್ರಣಗೊಂಡಿತ್ತು. ಬದಿಯಲ್ಲಿ ಜಾಹೀರಾತಿನ ಚೌಕ. ನನ್ನದೇ ವಾಕ್ಯಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದು ಓದತೊಡಗಿದೆ. ಮೆಣಸಿನಕಾಯಿ ಮೂರು ಕಿಲೋ. ಕೊತ್ತಂಬರಿ ಬೀಜ ಒಂದು. ಪ್ರತಿ ಸಾಲಿಗೂ ಅವಳು ತಲೆಯಾಡಿಸುತ್ತಿದ್ದಳು. ಒಂದು ಕಡೆ ಬದಲಿಸಿ ಓದಲೇ ಎಂದು ಯೋಚಿಸಿದ್ದೂ ಖರೆ. ಅದಕ್ಕೂ ಧೈರ್ಯ ಬರಲಿಲ್ಲ.

“ಬಳ್ಳುಳ್ಳಿ ನಾನೂರು ಗ್ರಾಂ, ಸುಲಿದು, ಎಣ್ಣೆಯಲ್ಲಿ ಹುರಿದು...”

“ನಿಲ್ಲ ನಿಲ್ಲ. ಸುಲದು ಹಂಗ ಎಣ್ಣಿಗೆ ಹಾಕ್ರಿ ಅಂತ ಐತೇನ?”

“ಹೂಂ.”

“ಎರಡ ದಿನ ನೆಳ್ಳಾಗ ಒಣಗಿಸಬೇಕಲ್ಲೇ ಅದನ್ನ! ಹಸೀದು ಹಾಕಿದ್ರ ಬೂಷ್ಟ ಬರದ ಮತ್ತೇನ ಬಂಗಾರ ಬರತೈತಿ?”

ಆ ಎರಡು ದಿನ, ಏಪ್ರಿಲ್ ಎಂಟು ಮತ್ತು ಒಂಬತ್ತು, ನಾನು ಸೆಮಿನಾರಿನ ತಯಾರಿಗೆಂದು ಹಾವೇರಿಯಲ್ಲಿ ಗೆಳತಿಯ ಮನೆಯಲ್ಲಿದ್ದೆ. ಏಳರಂದು ಸುಲಿದ ಬಳ್ಳುಳ್ಳಿಯನ್ನು ತೂಗಿದ್ದೆ. ಹತ್ತರಂದು ಹುರಿಯುವುದನ್ನು ನೋಡಿದ್ದೆ. ನಡುವೆ ಅಟ್ಟದ ಮೇಲೆ ಬಟ್ಟೆ ಹಾಸಿ ಒಣಗಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಒಂದು ಗ್ರಾಂ ಕೂಡ ತಪ್ಪದ ನನ್ನ ಲೆಕ್ಕದಲ್ಲಿ ಎರಡು ಹಗಲು ಬಿಟ್ಟುಹೋಗಿದ್ದವು.

“ಮುಂದ ಓದು,” ಎಂದಳು.

“ಒಣಕೊಬ್ಬರಿ ಇನ್ನೂರು ಗ್ರಾಂ.”

ಅವಳು ತಲೆಯಾಡಿಸುವುದನ್ನು ನಿಲ್ಲಿಸಿದಳು. ಅವ್ವನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಅವ್ವನಿಗೆ ಕೊಬ್ಬರಿ ಹೆಚ್ಚಾದರೆ ಎದೆ ಉರಿಯುತ್ತದೆ. ಬೇರೆಲ್ಲರ ಮನೆಯ ಖಾರಕ್ಕೂ ಚಿಗವ್ವ ಅದರ ಎರಡರಷ್ಟು ಹಾಕುತ್ತಾಳೆ. ಅಷ್ಟು ಕಡಿಮೆ ಹಾಕುವುದು ಒಂದೇ ಮನೆಗೆ. ಮನೆಗೊಂದು ಅಳತೆ ಅವಳ ತಲೆಯಲ್ಲಿತ್ತು. ಅದು ನನಗೆ ತಿಳಿದದ್ದು ಆಗಲೇ.

“ಇದು ಈ ಮನಿ ಖಾರ,” ಎಂದಳು.

ಅವ್ವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. “ಏನ್ ಮಾಡೀಯೇ?” ಎಂದು ನನ್ನ ರಟ್ಟೆ ಹಿಡಿದಳು. ಕೈಯಲ್ಲಿದ್ದ ಗಡಿಯಾರವನ್ನು ನೋಡಿ, “ಇದು ಅದರ ರೊಕ್ಕದ್ದ?” ಎಂದಳು. ತಾನು ಉಟ್ಟ ಸೀರೆಯೂ ಅದರದ್ದೇ ಎಂದು ಅವಳಿಗೆ ಆಗ ಹೊಳೆಯಲಿಲ್ಲ. ನಾನು ಹೇಳಲಿಲ್ಲ.

“ಬಿಡವಾ, ಹೊಡೀಬ್ಯಾಡ,” ಎಂದಳು ಚಿಗವ್ವ.

“ಇವತ್ತ ತಗದ ಹಾಕತೇನಿ ಚಿಗವ್ವ. ಈಗಿಂದೀಗ ಹಾವೇರಿಗೆ ಹೋಗತೇನಿ.”

“ತಗದ್ರ, ಬರಕೊಂಡ ಹೋದವರ ಮನ್ಯಾಗಿಂದು ತಗೀತೈತೇನ?”

ಉತ್ತರ ನನಗೆ ಗೊತ್ತಿತ್ತು. ನನ್ನ ಪುಟವನ್ನು ಇನ್ನೂ ನಾಲ್ಕು ಬ್ಲಾಗುಗಳು ಇದ್ದ ಹಾಗೇ ಎತ್ತಿ ಹಾಕಿಕೊಂಡಿದ್ದವು; ನನ್ನ ಬರಹ ಕದ್ದರು ಎಂದು ನಾನು ಅವರಿಗೆ ಸಿಟ್ಟಿನಿಂದ ಪತ್ರವನ್ನೂ ಬರೆದಿದ್ದೆ.

“ಇಲ್ಲ,” ಎಂದೆ.

ಚಿಗವ್ವ ಭರಣಿಯ ಮುಚ್ಚಳವನ್ನು ಬಿಗಿಯಾಗಿ ತಿರುವಿ ಬದಿಗಿಟ್ಟಳು. “ಹಂಗಾರ ಬರಕೊ,” ಎಂದಳು. “ಅಳತಿ ಅಂತೂ ಹೋತು. ಮಂದಿ ಮನಿ ಖಾರರ ಯಾಕ ಕೆಡಬೇಕು? ನನ್ನ ಖಾರ ಅಂತ ತಿಂದು ಉಗುಳಬಾರದು.” ಬಳ್ಳುಳ್ಳಿಯನ್ನು ಎಷ್ಟು ತೆಳ್ಳಗೆ ಸೀಳಬೇಕು, ಬೆರಳಿಗೆ ಅಂಟದಷ್ಟು ಒಣಗಿತೆಂದು ಹೇಗೆ ನೋಡಬೇಕು, ಖಾರ ಕುಟ್ಟಿಸಿ ತಂದ ಮೇಲೆ ಬಿಸಿ ಆರುವ ತನಕ ಭರಣಿಗೆ ಯಾಕೆ ತುಂಬಬಾರದು, ಎಲ್ಲವನ್ನೂ ಹೇಳಿದಳು. ನಾನು ಕದ್ದು ತೂಗಿದಾಗ ಸಿಗದಿದ್ದದ್ದನ್ನು ಅವಳೇ ಬಾಯಿಬಿಟ್ಟು ಬರೆಸಿದಳು. ನಾನು ಕಣ್ಣೊರೆಸಿಕೊಳ್ಳುತ್ತ ಬರೆದೆ.

ಮರುದಿನ ಹಾವೇರಿಗೆ ಹೋಗಿ ಪುಟವನ್ನು ತಿದ್ದಿದೆ. ನಾಲ್ಕು ಬ್ಲಾಗಿನವರಿಗೂ ತಿದ್ದುಪಡಿ ಕಳಿಸಿದೆ, ಇಬ್ಬರು ಹಾಕಿದರು. ಜಾಹೀರಾತಿನ ಚೌಕವನ್ನು ತೆಗೆಯಲೆಂದು ಆ ದಿನವೇ ಒಳಗೆ ಹೋದೆ. ಖಾತೆಯಲ್ಲಿ ಅರವತ್ತೊಂದು ಡಾಲರ್ ಇತ್ತು. ನೂರು ತುಂಬದೆ ತೆಗೆದರೆ ಅಷ್ಟೂ ಸುಮ್ಮನೆ ಹೋಗುತ್ತದೆ, ನೂರಾದ ಮೇಲೆ ತೆಗೆದು ಅದನ್ನು ಅವಳಿಗೇ ಕೊಟ್ಟರಾಯಿತು ಎಂದುಕೊಂಡೆ. ತಿದ್ದಿದ ಪುಟ ಮೊದಲಿನದಕ್ಕಿಂತ ಚೆನ್ನಾಗಿತ್ತು, ಓದುವವರು ಹೆಚ್ಚಾದರು. ಚೌಕವನ್ನು ನಾನು ತೆಗೆದದ್ದು ಏಳು ತಿಂಗಳ ಮೇಲೆ, ೨೦೦೯ರ ಮಾರ್ಚ್ ಇಪ್ಪತ್ತರಂದು, ಎರಡನೇ ಚೆಕ್ ಕೈಗೆ ಬಂದ ಮರುದಿನ. ಅಷ್ಟರಲ್ಲಿ ನನಗೆ ಕಂಪ್ಯೂಟರ್ ಕೊಳ್ಳಬೇಕಿತ್ತು. ಚೆಕ್ಕಿನ ದುಡ್ಡು ಅದರ ಮುಂಗಡಕ್ಕೆ ಹೋಯಿತು.

ಆ ಬೇಸಿಗೆ ಪಟ್ಟಿ ಬರೆಸಲು ಅವಳು ಬರಲಿಲ್ಲ. ಖಾರ ಕುಟ್ಟುವ ಗಿರಣಿಯವನ ಮಗಳು ಬರೆದುಕೊಡುತ್ತಿದ್ದಾಳೆ ಎಂದು ಅವ್ವ ಹೇಳಿದಳು. ಎಷ್ಟು ಮನೆ ಎಂದು ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ೨೦೦೯ರ ಸಾಲು ಖಾಲಿ ಇದೆ.

ಏಪ್ರಿಲ್ ಕೊನೆಯ ವಾರ ಅಗಡಿ ಹಳ್ಳಿಯ ಕಡೆಯಿಂದ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ ಚಿಗವ್ವ ಸಿಕ್ಕಳು. ಯಾರದೋ ಮನೆಯ ಕೆಲಸ ಮುಗಿಸಿ ಬರುತ್ತಿದ್ದಳು, ಕೂದಲಿನ ಮೇಲೆಲ್ಲ ಕೆಂಪು ಧೂಳು. ಸರಿದು ನನಗೆ ಜಾಗ ಮಾಡಿಕೊಟ್ಟಳು.

“ಈಗ ಮಂದಿ ಖಾರ ಕೆಟ್ಟೈತಿ ಅಂತ ಯಾರರ ಬರದಾರೇನವಾ?” ಎಂದು ಕೇಳಿದಳು.

“ಇಲ್ಲ ಚಿಗವ್ವ. ತಿದ್ದಿದ ಮ್ಯಾಲೆ ಯಾರೂ ಬರದಿಲ್ಲ.”

“ಅಷ್ಟಾದ್ರ ಸಾಕು,” ಎಂದಳು. ಆಮೇಲೆ ಕೇಳಿದಳು: “ನಿಮ್ಮವ್ವ ಅಂತಿದ್ಲಲ್ಲ, ಆ ಡಾಲರ್ ಗೀಲರ್ ನಿಂತೂ ಏನ?”

“ಹೂಂ, ನಿಂತೂ,” ಎಂದೆ. ಅದು ಸುಳ್ಳಲ್ಲ. ನಿಂತು ಒಂದು ತಿಂಗಳಾಗಿತ್ತು. ಎರಡನೇ ಚೆಕ್ಕಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬ್ಯಾಡಗಿ ಬಂದರೂ ನಾನು ಅದನ್ನು ಹೇಳಲಿಲ್ಲ, ಅವಳ ಚೀಲವನ್ನು ಇಳಿಸಿಕೊಟ್ಟೆ.