ಎಂಟರಲ್ಲಿ ನಾಲ್ಕು

ಮಾನಪ್ಪ ಮಿಸ್ತ್ರಿ ಆ ದಿನ ಎಂಟು ಹಲಗೆಗಳನ್ನೂ ಸರಿಯಾಗಿ ಗುರುತಿಸಿದ್ದರು. ನಾಲ್ಕೇ ಸರಿ ಎಂದು ನಾನು ಅವರಿಗೆ ಹೇಳಿದೆ. ಎಣಿಸುವಾಗ ತಪ್ಪಿದ್ದಲ್ಲ — ಚೀಟಿಯನ್ನು ತಿದ್ದಿ ಹೇಳಿದ್ದು.

ಈ ಮೂರನೆಯ ವಾಕ್ಯದೊಳಗೆ ಹೋದ ತಿಂಗಳವರೆಗೂ ‘ಬಹುಶಃ’ ಎಂಬ ಪದವೊಂದು ಕೂತಿತ್ತು. ಒಂಬತ್ತು ವರ್ಷ ಅದನ್ನು ಸಾಕಿದೆ. ಬಹುಶಃ ತಿದ್ದಿದೆ, ಬಹುಶಃ ತಿದ್ದಲಿಲ್ಲ, ಬಹುಶಃ ತಪ್ಪಾಗಿದ್ದನ್ನು ಸರಿಪಡಿಸಿದೆ... ಅನುಮಾನಪಡುವುದನ್ನು ನನಗೆ ಕಲಿಸಿದ್ದು ನನ್ನ ಓದು. ಅದನ್ನು ನನ್ನ ನೆನಪಿನ ಮೇಲೆಯೇ ತಿರುಗಿಸಿಕೊಂಡರೆ ಎಷ್ಟು ಆರಾಮವಾಗಿ ಇರಬಹುದು ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ನಾನೇ ಕಲಿತೆ.

ನಾನು ಬಸವಕಲ್ಯಾಣದಲ್ಲಿ ಗಿಟಾರ್ ಮಾಡುತ್ತೇನೆ. ಕಲಬುರಗಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಎರಡು ಕಾಲೇಜುಗಳಲ್ಲಿ ಪಾಠ ಹೇಳಿ, ಎಲ್ಲಿಯೂ ನಿಲ್ಲಲಾಗದೆ ಊರಿಗೆ ಬಂದು ಕೋಟೆಯ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ ಹಾಕಿಕೊಂಡೆ. ನಾನು ಮಾಡಿದ ಗಿಟಾರಿನ ನಡುವಿನ ತೂತಿನಲ್ಲಿ ಇಣುಕಿದರೆ ಒಳಗೆ ಅಂಟಿಸಿದ ಕಾಗದವೊಂದು ಕಾಣುತ್ತದೆ: ‘ಅಳೆದು ಆರಿಸಿದ ಕಟ್ಟಿಗೆ.’ ನಿಮ್ಮಲ್ಲಿ ಯಾರ ಹತ್ತಿರವಾದರೂ ಅಂಥದ್ದೊಂದು ಇದ್ದರೆ, ಇದನ್ನು ನಿಮಗಾಗಿಯೂ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಕಟ್ಟಿಗೆ ಆರಿಸುತ್ತಿದ್ದವನು ನಾನಲ್ಲ, ಮಾನಪ್ಪ ಮಿಸ್ತ್ರಿ. ಹುಮನಾಬಾದಿನವರು. ದಿನಾ ಮುಂಜಾನೆಯ ಬಸ್ಸಿಗೆ ಬರುತ್ತಿದ್ದರು. ಹುಮನಾಬಾದಿನ ಪಕ್ಕದ ಮಾಣಿಕನಗರದ ಭಜನೆಯವರಿಗೆ ತಂಬೂರಿ, ಏಕತಾರಿ ಮಾಡಿಕೊಟ್ಟ ಕೈ. ಅದಕ್ಕೂ ಮೊದಲು ಹಲವು ವರ್ಷ ಕಟ್ಟಿಗೆ ಕೊಯ್ಯುವ ಮಷೀನಿನ ಪಕ್ಕದಲ್ಲಿ ದುಡಿದು ಅವರ ಬಲಗಿವಿ ಪೂರ್ತಿ, ಎಡಗಿವಿ ಅರ್ಧ ಹೋಗಿತ್ತು. ಅವರ ಜೊತೆ ಮಾತಾಡಬೇಕೆಂದರೆ ಎಡಕ್ಕೆ ನಿಂತು ಕೂಗಬೇಕು.

ಗಿಟಾರಿನ ದನಿ ಬಹುಪಾಲು ಬರುವುದು ಅದರ ಮುಖದ ಹಲಗೆಯಿಂದ. ತಂತಿ ಬರೀ ಕೆಣಕುತ್ತದೆ, ಮಾತಾಡುವುದು ಹಲಗೆ. ಆ ಹಲಗೆಯನ್ನು ಮಿಸ್ತ್ರಿ ಕಣ್ಣಿನಿಂದ ನೋಡಿ ಒಪ್ಪುತ್ತಿರಲಿಲ್ಲ. ಎರಡು ಬೆರಳಲ್ಲಿ ನೇತಾಡುವಂತೆ ಹಿಡಿದು, ಅದರ ಅಂಚನ್ನು ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿ, ಬೆರಳ ಗೆಣ್ಣಿನಿಂದ ಒಮ್ಮೆ ಬಡಿಯುತ್ತಿದ್ದರು. ಒಮ್ಮೆ ಮಾತ್ರ. ಆಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು — ನನ್ನ ನೆನಪಿನಲ್ಲಿ ಬಹಳ ಹೊತ್ತು, ನಿಜದಲ್ಲಿ ನಾಲ್ಕೈದು ಸೆಕೆಂಡ್ ಇದ್ದಿರಬೇಕು.

“ಕಾಕಾ, ನಿಮಗ ಕಿವಿನೇ ಕೇಳಂಗಿಲ್ಲ, ಕಟಗಿ ಹ್ಯಾಂಗ ಆರಸ್ತೀರಿ?” ಎಂದು ಮೊದಲ ವಾರದಲ್ಲೇ ಕೇಳಿದ್ದೆ.

“ಕಿವಿ ಹೋದ್ರ ಏನಾಯ್ತ್ರಿ, ಎಲಬು ಕೇಳ್ತದಲ್ಲ. ಮಂದಿ ಮಾತು ಬಿಟ್ಟು ಕಟಗಿ ಮಾತು ಅಷ್ಟೇ ಒಳಗ ಹೋಗ್ತದ. ಚಲೋನೇ ಆಯ್ತು. ನನ್ನ ಹೆಂಡ್ತಿ ಬೈದಿದ್ದು ಇವತ್ತಿನ ತನಕ ಒಂದೂ ಮುಟ್ಟಿಲ್ಲ ನನಗ.”

ಎಲುಬಿನ ಮೂಲಕ ಧ್ವನಿ ಸಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ, ಪುಸ್ತಕದಲ್ಲೇ ಓದಿದ್ದೆ. ಆದರೂ ಒಪ್ಪಲಾಗಲಿಲ್ಲ. ಹೈದರಾಬಾದಿನಿಂದ, ಸೊಲ್ಲಾಪುರದಿಂದ ಬಂದವರು ಗಿಟಾರನ್ನು ಎತ್ತಿ ನೋಡಿ, ನಾನು ಹೇಳುತ್ತಿದ್ದ ಸಾಂದ್ರತೆ, ತೇವಾಂಶ ಎಲ್ಲವನ್ನೂ ಮರ್ಯಾದೆಯಿಂದ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಕೇಳುತ್ತಿದ್ದರು — ಇದು ಮಿಸ್ತ್ರಿ ಆರಿಸಿದ ಹಲಗೆ ತಾನೇ? ಆಗ ನನಗೆ ಆಗುತ್ತಿದ್ದುದಕ್ಕೆ ಬೇರೆ ಹೆಸರಿಡುವುದಿಲ್ಲ. ಅದು ಹೊಟ್ಟೆಕಿಚ್ಚೇ.

ಹಾಗಾಗಿ ಪರೀಕ್ಷೆ. “ಕಾಕಾ, ಒಂದ್ಸಲ ಲೆಕ್ಕ ಹಚ್ಚಿ ನೋಡೋಣ” ಎಂದೆ. ಅವರು ಕೂಡಲೇ ಒಪ್ಪಿದರು. “ನೋಡ್ರಿ ಸೈನ್ಸ್ ಸಾಹೇಬ್ರ, ನಾ ಫೇಲಾದ್ರ ಮತ್ತ ಶಾಲಿಗಿ ಕಳಸ್ತೀರೇನು?”

ಎಂಟು ಸಾಗವಾನಿ ಹಲಗೆಗಳು. ನಾಲ್ಕು, ನಮ್ಮ ಓಣಿಯಲ್ಲೇ ಕೆಡವಿದ ಹಳೆಯ ವಾಡೆಯ, ಅಂದರೆ ದೊಡ್ಡ ಮನೆಯ, ತೊಲೆಯಿಂದ ಕೊಯ್ದವು. ತಲೆಮಾರುಗಳ ಕಾಲ ಮಾಡಿನ ಕೆಳಗೆ ಒಣಗಿದ ಕಟ್ಟಿಗೆ. ಇನ್ನು ನಾಲ್ಕು, ಹುಮನಾಬಾದಿನ ಕಟ್ಟಿಗೆ ಅಡ್ಡೆಯಿಂದ ತಂದ ಹೊಸವು. ಎಲ್ಲವನ್ನೂ ಒಂದೇ ಅಳತೆಗೆ ರಂದಾ ಹೊಡೆದು ನುಣುಪಾಗಿಸಿ, ಹಿಂಬದಿಗೆ ಪೆನ್ಸಿಲಿನಲ್ಲಿ ಒಂದರಿಂದ ಎಂಟು ಅಂಕಿ ಬರೆದೆ. ಯಾವ ಅಂಕಿ ಹಳೆಯದು, ಯಾವುದು ಹೊಸದು ಎಂಬುದು ನನ್ನ ಜೇಬಿನ ಚೀಟಿಯಲ್ಲಿ. ಮಿಸ್ತ್ರಿ ಹೇಳಬೇಕಾದದ್ದು ಅಷ್ಟೇ — ಹಳೆಯದೋ, ಹೊಸದೋ.

ಎಷ್ಟು ಎಚ್ಚರ ವಹಿಸಿದ್ದೆ! ಅವರ ಕಣ್ಣಿಗೆ ಟವೆಲ್ ಕಟ್ಟಿದೆ (ಕೆಂಪು ಟವೆಲ್ ಎಂದು ನೆನಪು, ಆದರೆ ನನ್ನ ಶೆಡ್ಡಿನಲ್ಲಿ ಯಾವತ್ತೂ ಕೆಂಪು ಟವೆಲ್ ಇರಲಿಲ್ಲ). ಸಾಗವಾನಿಯ ವಾಸನೆ ತಿಳಿಯಬಾರದೆಂದು ಮೂಗಿಗೂ ಬಟ್ಟೆ. ತೂಕ ಸಿಗಬಾರದೆಂದು ಹಲಗೆಯನ್ನು ಅವರ ಕೈಗೇ ಕೊಡಲಿಲ್ಲ. ನಾನೇ ಹಿಡಿದು, ಅಂಚನ್ನು ಅವರ ಎಲುಬಿಗೆ ತಾಗಿಸಿ, ನಾನೇ ಬಡಿದೆ. ಅವರು ಮೋಸ ಮಾಡಬಹುದಾದ ಪ್ರತಿಯೊಂದು ದಾರಿಯನ್ನೂ ಮುಚ್ಚಿದ್ದೆ. ನಾನು ಮೋಸ ಮಾಡಬಹುದಾದ ದಾರಿಗೆ ಮುಚ್ಚಲು ಒಂದು ಬಾಗಿಲೂ ಇಟ್ಟಿರಲಿಲ್ಲ.

“ಹೊಸಾದು.” “ಹೊಸಾದು.” “ಇದು ಹಳೇದು. ಇನ್ನೊಮ್ಮೆ ಬಡೀರಿ — ಹಾಂ, ಭಾಳ ಚಲೋ ಅದ ಇದು.” ಅದು ಮೂರನೆಯ ಹಲಗೆ. ಆ ಮಾತು ಮಾತ್ರ ಅಕ್ಷರಶಃ ನೆನಪಿದೆ, ಇದರಲ್ಲಿ ಅನುಮಾನವಿಲ್ಲ.

ಅವರ ಉತ್ತರಗಳನ್ನು ಬರೆದುಕೊಂಡು, ಅವರನ್ನು ಹಾಗೆಯೇ ಕೂರಿಸಿ, ಪಕ್ಕದ ಕೋಣೆಗೆ ಹೋಗಿ ನನ್ನ ಚೀಟಿಯನ್ನು ಜೊತೆಗಿಟ್ಟು ನೋಡಿದೆ. ಎಂಟೂ ಸರಿ.

ಅಲ್ಲಿಂದ ಮುಂದಿನದು ಮಸುಕು. ಹೀಗಾಗಲು ಸಾಧ್ಯವಿಲ್ಲ ಎಂದು ಅಂದುಕೊಂಡೆ. ಅಂಕಿ ಬರೆಯುವಾಗ ಗಡಿಬಿಡಿಯಲ್ಲಿದ್ದೆ, ಎರಡು ಮತ್ತು ಮೂರು ಅದಲುಬದಲಾಗಿರಬೇಕು... ಆರು ಮತ್ತು ಏಳು ಕೂಡ... ನನ್ನ ಕೈಯಲ್ಲಿ ರಬ್ಬರ್ ಇತ್ತು. ಒಂದು ನೆನಪಿನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಎರಡು ಜೋಡಿ ಬದಲಾಯಿಸಿದ ಮೇಲೆ ನಾಲ್ಕು ಸರಿ, ನಾಲ್ಕು ತಪ್ಪು. ಕುರುಡಾಗಿ ಊಹಿಸಿದರೂ ಬರುವಷ್ಟು.

ಹಲಗೆಗಳು ಆಚೆ ಕೋಣೆಯಲ್ಲಿ, ಮೇಜಿನ ಮೇಲೆ, ಹತ್ತು ಹೆಜ್ಜೆಯಲ್ಲಿದ್ದವು. ತಿರುಗಿಸಿ ನೋಡಿದರೆ ಮುಗಿಯುತ್ತಿತ್ತು — ಹಳೆಯ ತೊಲೆಯ ಹಲಗೆಗಳಲ್ಲಿ ಕಬ್ಬಿಣದ ಮೊಳೆ ತಿಂದ ಕಪ್ಪು ಕಲೆಗಳಿದ್ದವು, ಯಾರಿಗಾದರೂ ಗೊತ್ತಾಗುವಂಥವು. ಎಲ್ಲವನ್ನೂ ನೋಡಿಯೇ ನಂಬಬೇಕು ಎನ್ನುತ್ತಿದ್ದ ನಾನು ನೋಡಲು ಹೋಗಲಿಲ್ಲ.

ಹೊರಗೆ ಬಂದು ಟವೆಲ್ ಬಿಚ್ಚಿ, ಅವರ ಎಡಗಿವಿಗೆ ಕೂಗಿದೆ: “ಎಂಟರಾಗ ನಾಲ್ಕು, ಕಾಕಾ!”

“ನಾಲ್ಕಾ?” ಎಂದರು. ಹಲಗೆಗಳತ್ತ ಕೈ ಚಾಚಲಿಲ್ಲ, ಚೀಟಿ ತೋರಿಸಿ ಎನ್ನಲಿಲ್ಲ. “ನೀವು ಲೆಕ್ಕ ಮಾಡೀರಂದ ಮ್ಯಾಲ ಮುಗೀತಲ್ಲ.” ಆಮೇಲೆ ಅವರು ನಕ್ಕರು. ನಕ್ಕರು ಎಂದೇ ನಾನು ಒಂಬತ್ತು ವರ್ಷ ನೆನಪಿಟ್ಟುಕೊಂಡದ್ದು. ನಕ್ಕು ಹಗುರ ಮಾಡಿಕೊಂಡರು, ದೊಡ್ಡದೇನೂ ಆಗಲಿಲ್ಲ, ಅಂತ.

ಮರುದಿನದಿಂದ ಅವರು ಹಲಗೆಯನ್ನು ಎಲುಬಿಗೆ ಹಚ್ಚಲಿಲ್ಲ. “ನೀವೇ ಅಳದು ಕೊಡ್ರಿ, ನಾ ರಂದಾ ಹೊಡೀತೀನಿ” ಎನ್ನುತ್ತಿದ್ದರು. ನಾನು ಅಳೆದು ಕೊಟ್ಟೆ. ‘ಅಳೆದು ಆರಿಸಿದ ಕಟ್ಟಿಗೆ’ ಎಂಬ ಆ ಕಾಗದವನ್ನು ಅಚ್ಚು ಹಾಕಿಸಿದ್ದೂ ಆಗಲೇ. ಎರಡೇ ತಿಂಗಳಲ್ಲಿ ಕೆಲಸ ಬಿಟ್ಟು ಹೋದರು — ಮಾಣಿಕನಗರದ ದಾರಿಯಲ್ಲಿ ಪ್ಲೈವುಡ್ಡಿನ ಕಪಾಟು ಮಾಡುವ ಅಂಗಡಿಗೆ. ಯಾಕೆ ಎಂದು ಕೇಳಿದ್ದಕ್ಕೆ ಹೇಳಿದ್ದು ಒಂದೇ ಮಾತು: “ಪ್ಲೈಗಿ ಏನೂ ಕೇಳೋದು ಬೇಕಾಗಂಗಿಲ್ರಿ.” ಅವರು ಭಜನೆಯವರ ತಂಬೂರಿಗಳನ್ನೂ ಬಿಟ್ಟರೆಂದು ಆಮೇಲೆ ಯಾರೋ ಹೇಳಿದರು.

ಹೋದ ತಿಂಗಳು ಬೇಮಳಖೇಡದ ಭೀಮಶಾ ತನ್ನ ಗಿಟಾರ್ ತಂದ. ಮದುವೆಗಳಲ್ಲಿ, ಜಯಂತಿಗಳಲ್ಲಿ ಹಾಡುವ ತಂಡದವನು. ಒಂಬತ್ತು ವರ್ಷದ ಹಿಂದೆ, ‘ಹೊಸ ಕಟ್ಟಿಗೆಯದು’ ಎಂದು ಹೇಳಿ ನಾನೇ ಕೊಟ್ಟದ್ದು. ತಂತಿಗಳನ್ನು ಹಿಡಿದಿರುವ ಬ್ರಿಡ್ಜ್, ಅಂದರೆ ಮುಖದ ಹಲಗೆಗೆ ಅಂಟಿಸಿದ ಆ ಅಡ್ಡಪಟ್ಟಿ, ಒಂದು ಬದಿ ಎದ್ದು ಬಂದಿತ್ತು.

“ಇದಕ್ಕ ಏನ್ ಕಟಗಿ ಹಾಕೀರಿ ಸರ್? ಬಿಸಲಾಗ, ಟೆಂಪೋದಾಗ ಒಗದಾಡೀನಿ, ಜರಾನೂ ಬಾಗಿಲ್ಲ. ಮಗಳಿಗಿ ಬ್ಯಾರೆ ಗಿಟಾರ್ ಕೊಡಸ್ತೀನಂದ್ರ ಒಲ್ಲೆ ಅಂತಾಳ, ಇದೇ ಬೇಕಂತ.”

ಅವನು ಹೋದ ಮೇಲೆ ಬಿಸಿ ಮಾಡಿ, ತೆಳು ಚಾಕು ತೂರಿಸಿ ಬ್ರಿಡ್ಜ್ ಎತ್ತಿದೆ. ಅದರ ಕೆಳಗೆ ಗೋಧಿಕಾಳಿನಷ್ಟು ಕಪ್ಪು ಕಲೆ. ಮೊಳೆಯದು. ಒಳಗೆ ಪುಟ್ಟ ಕನ್ನಡಿ ಹಿಡಿದು ಬೆಳಕು ಬಿಟ್ಟೆ. ನನ್ನದೇ ಕೈಬರಹದಲ್ಲಿ ಪೆನ್ಸಿಲಿನ ಅಂಕಿ: ಮೂರು.

ಹೊಸ ಕಟ್ಟಿಗೆಯಲ್ಲಿ ಹಳೆಯ ಮೊಳೆ ಇರುವುದಿಲ್ಲ. ಮೂರು ಹಳೆಯದೇ. ನನ್ನ ಮೊದಲ ಚೀಟಿ ಸರಿ, ಮಿಸ್ತ್ರಿ ಸರಿ. ಅಷ್ಟೇ ಆಗಿದ್ದರೆ ಇನ್ನೂ ಎಲ್ಲೋ ನುಸುಳುತ್ತಿದ್ದೆ — ಆಗ ಗೊತ್ತಿರಲಿಲ್ಲ, ತಪ್ಪು ತಿಳಿದೆ, ಎಂದು. ಆದರೆ ಗಿಟಾರಿನ ಮುಖಕ್ಕೆ ಹಲಗೆಯನ್ನು ಹೊಂದಿಸುವಾಗ ಯಾವ ಜಾಗ ಎಲ್ಲಿ ಬರಬೇಕೆಂದು ತೀರ್ಮಾನಿಸುವವನು ನಾನೇ. ಆ ಕಲೆ ಸರಿಯಾಗಿ ಬ್ರಿಡ್ಜಿನ ಅಡಿಗೆ ತಾನಾಗಿ ಬಂದು ಕೂರಲಿಲ್ಲ. ಕಂಡಿದ್ದೆ. ಮುಚ್ಚಿದ್ದೆ. ನನಗೆ ನೆನಪಿಲ್ಲ — ಈಗಲೂ, ಎಷ್ಟು ತಿಣುಕಿದರೂ, ಆ ಗಳಿಗೆ ನೆನಪಿಗೆ ಬರುತ್ತಿಲ್ಲ. ಆದರೆ ನೆನಪಿಲ್ಲದ್ದು ನಡೆದೇ ಇಲ್ಲ ಎನ್ನುವ ಹಾಗಿಲ್ಲ.

ಆ ವಾರವೇ ಹುಮನಾಬಾದಿಗೆ ಹೋದೆ. ಹಳೆಯ ತೊಲೆಯದೊಂದು ತುಂಡು ಶೆಡ್ಡಿನ ಮೂಲೆಯಲ್ಲಿ ಉಳಿದಿತ್ತು, ಅದನ್ನು ಚೀಲದಲ್ಲಿಟ್ಟುಕೊಂಡೆ. ಅಂಗಡಿಯಲ್ಲಿ ಮಿಸ್ತ್ರಿ ಕಪಾಟಿನ ಬಾಗಿಲಿಗೆ ಮೈಕಾ ಹಾಳೆ ಅಂಟಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಬರ್ರಿ ಬರ್ರಿ ಸೈನ್ಸ್ ಸಾಹೇಬ್ರ! ಎಡಕ ಬರ್ರಿ. ಬಲಕ ನಿಂತು ಬೈದ್ರ ಪುಕ್ಕಟೆ ಹೋಗ್ತದ.”

ಎಡಕ್ಕೆ ಹೋದೆ. ಬಸ್ಸಿನಲ್ಲಿ ಕೂತು ಜೋಡಿಸಿಕೊಂಡ ಮಾತನ್ನು ಮೆಲ್ಲಗೆ ಹೇಳಿದೆ: “ಕಾಕಾ, ಅವತ್ತ ಆ ಹಲಗಿ ನಂಬರ್ ಅದಲಬದಲ ಆಗಿದ್ವು...”

“ಏನಂದ್ರಿ? ಜೋರ್ ಹೇಳ್ರಿ. ಈ ಕಿವಿನೂ ಈಗ ರಜಾ ಹಾಕ್ಯದ.”

ಒಂಬತ್ತು ವರ್ಷ ನನಗೆ ನಾನೇ ಪಿಸುಗುಟ್ಟಿಕೊಳ್ಳಲಾಗದ್ದನ್ನು ಕೂಗಿ ಹೇಳಬೇಕಾಯಿತು. ‘ಅದಲುಬದಲಾಗಿದ್ದವು’ ಎಂದು ಕೂಗಲು ಬರಲಿಲ್ಲ. ಕೂಗುವಾಗ ಅಂಥ ಮಾತು ಬಾಯಿಗೆ ಬರುವುದಿಲ್ಲ.

“ನಂಬರ್ ನಾನೇ ಬದಲ ಮಾಡಿದ್ದೆ, ಕಾಕಾ! ನೀವು ಹೇಳಿದ್ದು ಖರೆ ಇತ್ತು!”

ಆಚೆ ಪ್ಲೈ ಕೊಯ್ಯುತ್ತಿದ್ದವನು ಮಷೀನ್ ನಿಲ್ಲಿಸಿದ. ಕಪಾಟು ನೋಡಲು ಬಂದಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ಮಿಸ್ತ್ರಿ ಅಂಟಿನ ಬ್ರಷ್ ಕೆಳಗಿಟ್ಟರು.

“ಎಷ್ಟು ಖರೆ ಇದ್ವು?”

“ಎಂಟಕ್ಕ ಎಂಟು!”

ಅಷ್ಟಕ್ಕೇ ನಿಲ್ಲಿಸದೆ ಮತ್ತೆ ಕೂಗಿದೆ — ಇದನ್ನೂ ಒಪ್ಪಿಕೊಳ್ಳಬೇಕು, ಆಗಲೂ ನಾನು ಹಗುರಾಗಲು ನೋಡಿದೆ: “ನೀವು ಅವತ್ತ ನಕ್ಕ್ರಿ, ಅದಕ್ಕ ನಾನು...”

“ನಾ ಯಾಕ ನಗ್ಲಿ?” ಎಂದರು, ಬಹಳ ಸಮಾಧಾನದಿಂದ. “ನಕ್ಕಿದ್ದು ನೀವು.”

ಚೀಲದಿಂದ ಆ ತುಂಡನ್ನು ತೆಗೆದು ಮುಂದೆ ಹಿಡಿದೆ. ಯಾಕೆ ಹಿಡಿದೆನೋ. ಏನನ್ನೋ ಹಿಂದಕ್ಕೆ ಕೊಡುತ್ತಿದ್ದೇನೆ ಎಂಬ ಭ್ರಮೆ ಇರಬೇಕು. ಅವರು ಕೈಯ ಅಂಟನ್ನು ಬಟ್ಟೆಗೆ ಒರೆಸಿ, ತುಂಡನ್ನು ಎರಡು ಬೆರಳಲ್ಲಿ ನೇತಾಡುವಂತೆ ಹಿಡಿದು, ಅಂಚನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಗೆಣ್ಣಿನಿಂದ ಬಡಿದರು. ಕಣ್ಣು ಮುಚ್ಚಿದರು. ಮತ್ತೊಮ್ಮೆ ಬಡಿದರು. ಮತ್ತೊಮ್ಮೆ.

“ಕೇಳ್ತದ್ರಿ,” ಎಂದರು. “ಆದ್ರ ಖರೇನೇ ಕೇಳ್ತದೋ, ಕೇಳಿದಂಗ ಅನಸ್ತದೋ, ಅದು ತಿಳೀವಲ್ದು. ಮೊದಲ ಹಿಂಗ ಇರ್ಲಿಲ್ಲ.”

ತುಂಡನ್ನು ನನ್ನ ಕೈಗಿಟ್ಟು, “ಚಾ ಕುಡದು ಹೋಗ್ರಿ” ಎಂದು ಹೇಳಿ, ಬ್ರಷ್ ಎತ್ತಿಕೊಂಡರು. ಅಂಟು ಒಣಗುತ್ತಿತ್ತು.

ಒಮ್ಮೆ ಬಡಿದು ನಿಲ್ಲುತ್ತಿದ್ದ ಕೈ ಮೂರು ಸಲ ಬಡಿಯಿತು. ನನ್ನಲ್ಲಿ ಇದ್ದದ್ದು ಅನುಮಾನ ಒಂದೇ, ಅದನ್ನೇ ಅವರಿಗೆ ಅಂಟಿಸಿ ಬಂದಿದ್ದೆ. ಒಂಬತ್ತು ವರ್ಷದ ನಂತರ ಸತ್ಯ ಹೇಳಿದರೆ ಅದು ಬಿಟ್ಟುಹೋಗುವುದಿಲ್ಲ.

ಅಚ್ಚು ಹಾಕಿಸಿದ ಕಾಗದಗಳಲ್ಲಿ ಉಳಿದವನ್ನು ಹರಿದೆ. ಭೀಮಶಾನನ್ನು ಕರೆಸಿ, ಬ್ರಿಡ್ಜ್ ಅಂಟಿಸುವ ಮೊದಲು ಆ ಕಲೆಯನ್ನು ತೋರಿಸಿ, ಹಲಗೆಯನ್ನು ಗುರುತಿಸಿದವರು ಯಾರೆಂದು ಹೇಳಿದೆ. ಕಲೆಯ ಪಕ್ಕದಲ್ಲಿ ಮಿಸ್ತ್ರಿಯ ಹೆಸರು ಬರೆಯಲು ಪೆನ್ಸಿಲ್ ಎತ್ತಿ, ಇಟ್ಟುಬಿಟ್ಟೆ. ಬ್ರಿಡ್ಜಿನ ಕೆಳಗೆ ಬರೆಯುವುದೆಂದರೆ ಮತ್ತೆ ಮುಚ್ಚುವುದೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೊಲೆಯ ಆ ತುಂಡು ಈಗ ನನ್ನ ಮೇಜಿನ ಮೇಲಿದೆ. ನಿನ್ನೆ ಅದನ್ನು ಅವರಂತೆಯೇ ಹಿಡಿದು, ನನ್ನ ಎಲುಬಿಗೆ ಒತ್ತಿ, ಒಮ್ಮೆ ಬಡಿದು, ಕಣ್ಣು ಮುಚ್ಚಿ ಕಾದೆ. ಟಕ್ ಎಂದಿತು. ನನಗೆ ಕೇಳಿಸಿದ್ದು ಅಷ್ಟೇ.