ಕುಸುಬಿ ಎಣ್ಣೆಯ ಕಂದೀಲು

ನಾನು ಹುಡುಗಿಯಾಗಿದ್ದಾಗ, ಎಪ್ಪತ್ತರ ದಶಕದಲ್ಲಿ, ನಮ್ಮ ತಿಕೋಟಾದಲ್ಲಿ ಟೀವಿ ಇರಲಿಲ್ಲ ಎಂದರೆ ಮೊಮ್ಮಕ್ಕಳು ನನ್ನನ್ನು ಕನಿಕರದಿಂದ ನೋಡುತ್ತವೆ. ಕನಿಕರ ಪಡಬೇಕಾದವಳು ನಾನು. ಅವಕ್ಕೆ ದಿನವಿಡೀ ಚಿತ್ರ ಓಡುತ್ತದೆ, ಮುಗಿದ ಮೇಲೆ ಒಂದು ಮಾತಿಲ್ಲ. ನಮಗೆ ಎರಡು ವಾರಕ್ಕೊಮ್ಮೆ ಕಾಲು ಗಂಟೆ ಚಿತ್ರ ಓಡುತ್ತಿತ್ತು, ಉಳಿದ ಹದಿಮೂರು ದಿನ ಅದರ ಮೇಲೆ ಜಗಳ ನಡೆಯುತ್ತಿತ್ತು.

ಚಿತ್ರ ಓಡಿಸುತ್ತಿದ್ದವನು ನನ್ನ ಗೆಳತಿಯ ಸೋದರಮಾವ. ವಿಜಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಅವಳು ಮಾಮು ಎನ್ನುತ್ತಿದ್ದಳು, ಹಾಗಾಗಿ ನಮ್ಮ ಓಣಿಗೆಲ್ಲ ಅವನು ಮಾಮು. ಅವನ ಒಬ್ಬ ಅಕ್ಕ ತಿಕೋಟಾದಲ್ಲಿ, ಇನ್ನೊಬ್ಬ ಅಕ್ಕ ಬಬಲೇಶ್ವರದಲ್ಲಿ. ಒಂದು ರವಿವಾರ ಅಲ್ಲಿ, ಮುಂದಿನ ರವಿವಾರ ಇಲ್ಲಿ. ಅಥಣಿ ಕಡೆ ಹೋಗುವ ಬಸ್ಸಿನಿಂದ ಬಟ್ಟೆ ಸುತ್ತಿದ ಡಬ್ಬಿಯೊಂದನ್ನು ಹೊತ್ತು ಇಳಿಯುತ್ತಿದ್ದ.

ಡಬ್ಬಿ ಅವನದೇ ಕೈಕೆಲಸ. ರಟ್ಟಿನ ಪೆಟ್ಟಿಗೆ, ಒಳಗೆ ಎರಡು ಲಟ್ಟಣಿಗೆ, ಹೊರಗೆ ತಿರುಗಿಸುವ ಹಿಡಿಕೆ. ಉದ್ದನೆಯ ಕಾಗದದ ಪಟ್ಟಿಯ ಮೇಲೆ ಚಿತ್ರ ಬರೆದು, ಬೆಳಕು ಹಾಯಲಿ ಎಂದು ಅದಕ್ಕೆ ಕುಸುಬಿ ಎಣ್ಣೆ ಒರೆಸುತ್ತಿದ್ದ. ಗೆಳತಿಯ ಮನೆಯ ಮೂಡಣ ಕಿಟಕಿಯಲ್ಲಿ ಡಬ್ಬಿ ಇಟ್ಟು, ಉಳಿದ ಸಂದಿಗೆ ಕಂಬಳಿ ಕಟ್ಟಿದರೆ ಕೋಣೆಯೆಲ್ಲ ಕತ್ತಲು. ಬೆಳಗಿನ ಬಿಸಿಲು ಕಾಗದದ ಹಿಂದಿನಿಂದ ಹಾಯ್ದು ಬಣ್ಣಗಳು ಹೊತ್ತಿಕೊಳ್ಳುತ್ತಿದ್ದವು. ಹಿಡಿಕೆ ತಿರುಗಿದಂತೆ ಕೋಟೆ ಸರಿಯುತ್ತಿತ್ತು, ಆಡು ನಡೆಯುತ್ತಿತ್ತು, ಕೋಣೆಯ ತುಂಬ ಒಗ್ಗರಣೆಯ ವಾಸನೆ. ಇವತ್ತಿಗೂ ಕುಸುಬಿ ಎಣ್ಣೆ ಕಾದರೆ ನನಗೆ ಏನೋ ಶುರುವಾಗಲಿದೆ ಎನಿಸುತ್ತದೆ.

ಕಥೆ ಹೀಗಿತ್ತು. ಒಂದು ರಾಜ್ಯದ ಮೇಲೆ ಭಾರೀ ಕರಿಹಕ್ಕಿಯೊಂದು ರೆಕ್ಕೆ ಹರವಿ ಕುಳಿತಿದೆ, ಸೂರ್ಯ ಕಾಣುವುದಿಲ್ಲ. ಎಲ್ಲಿ ಬೆಳಕು ಕಂಡರೂ ಅಲ್ಲಿಗೆ ಎರಗುತ್ತದೆ. ಕೋಟೆಯ ಬಾಗಿಲಲ್ಲೊಬ್ಬ ಕಾವಲುಗಾರ. ಅವನ ಕೈಯಲ್ಲಿ ಎಣ್ಣೆ ಬತ್ತಿ ಎಲ್ಲ ಇರುವ ಕಂದೀಲು, ಆದರೆ ಅವನು ಹಚ್ಚುವುದಿಲ್ಲ. ಕಾಣೆಯಾದ ಸೂರ್ಯನನ್ನು ಹುಡುಕುತ್ತ ಅವನೂ, ಮಾತಾಡುವ ಒಂದು ಆಡೂ ಹೊರಟಿದ್ದಾರೆ. ಮಾಮು ಇಷ್ಟನ್ನು ಮಾತ್ರ ಹೇಳುತ್ತಿದ್ದ. ಯಾಕೆ, ಏನು ಎಂದು ಕೇಳಿದರೆ ಒಂದೇ ಉತ್ತರ: “ನಾ ಬಣ್ಣಾ ಬಳಿಯಾಂವ. ಅರ್ಥಾ ನೀವ ಹಚ್ಕೋರಿ.”

ಹಚ್ಚಿಕೊಂಡೆವು. ಒಮ್ಮೆ ಕಾವಲುಗಾರನ ಕೆಂಪು ರುಮಾಲು ನೀಲಿಯಾಗಿ ಬಂತು. ಅವನ ಸಿಟ್ಟು ಇಳಿದಿದೆ, ಅದಕ್ಕೇ ನೀಲಿ ಎಂದು ನಾನು. ಮಾತಾಡಲು ಆಡು ಸಿಕ್ಕ ಮೇಲೆ ಮನಸ್ಸು ತಂಪಾಗಿದೆ ಎಂದು ಗೆಳತಿ. ಎರಡು ವಾರ ಬಡಿದಾಡಿ ಮಾಮುವನ್ನು ಕೇಳಿದರೆ, ಆ ವಾರ ಔಷಧಿ ಅಂಗಡಿಯ ಬೋರ್ಡು ಬರೆದೆ, ನೀಲಿ ಉಳಿದಿತ್ತು ಎಂದ. ನಾವು ನಂಬಲಿಲ್ಲ. ಬರೆದವನಿಗೇ ಗೊತ್ತಿರುವುದಿಲ್ಲ ಎಂದು ತೀರ್ಮಾನಿಸಿದೆವು.

ಆದರೆ ದೊಡ್ಡ ಜಗಳ ಕಂದೀಲಿನದು. ಅದು ಕಾವಲುಗಾರನ ಧೈರ್ಯ, ಒಳಗೆ ಇದೆ, ಇನ್ನೂ ಹೊತ್ತಿಲ್ಲ ಅಷ್ಟೆ ಎಂಬುದು ನನ್ನ ವಾದ. ಕಂದೀಲು ಅಂದರೆ ಕಂದೀಲು, ಅವನು ಅಂಜುಬುರುಕ, ಕೊನೆಗೆ ಓಡಿಹೋಗುತ್ತಾನೆ ಎಂಬುದು ಗೆಳತಿಯ ವಾದ. ಬಬಲೇಶ್ವರದ ಮಕ್ಕಳೂ ಓಡಿಹೋಗುತ್ತಾನೆ ಅನ್ನುತ್ತಾರೆ ಎಂದು ಮಾಮು ಸುದ್ದಿ ತಂದಿದ್ದ. ನಮ್ಮ ದೊಡ್ಡವ್ವನನ್ನು ಕೇಳಿದರೆ, ಎಣ್ಣೆ ತುಟ್ಟಿಯಾಗಿದೆ, ಪಾಪ ಉಳಿಸುತ್ತಿರಬೇಕು ಎಂದಳು.

ನಾನು ಆ ಕಾವಲುಗಾರನ ಪರ ಅಷ್ಟು ಕಾದಾಡಲು ಕಾರಣವಿತ್ತು. ನಮ್ಮ ಹೊಲದ ಬಾವಿಯಲ್ಲಿ ಓಣಿಯ ಹುಡುಗಿಯರಿಗೆಲ್ಲ ಈಜು ಕಲಿಸಿದವಳು ಈ ದೊಡ್ಡವ್ವನೇ. ಎರಡು ಬೇಸಿಗೆ ಕಳೆದರೂ ಜಿಗಿಯದೆ ಉಳಿದವಳು ನಾನೊಬ್ಬಳು. ತೇಲಲೆಂದು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಳ್ಳುತ್ತಿದ್ದೆ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳುತ್ತಿದ್ದೆ, ಕಟ್ಟೆಯವರೆಗೆ ಹೋಗುತ್ತಿದ್ದೆ, ನೀರು ನೋಡಿ ಎಲ್ಲ ಬಿಚ್ಚಿಸಿಕೊಂಡು ಮನೆಗೆ ಬರುತ್ತಿದ್ದೆ. ಗೆಳತಿಗೆ ಇದು ಗೊತ್ತಿತ್ತು. ಒಂದು ದಿನ ವಾದದಲ್ಲಿ ಸೋಲುವ ಹೊತ್ತಿಗೆ ಅವಳು ಅದನ್ನೇ ಎತ್ತಿದಳು.

“ಅಂವಾ ಹಚ್ಚಂಗಿಲ್ಲ. ಅಂವಾ ನಿನ್ನಂಗ ಪುಕ್ಕಲ ಅದಾನ.”

ನನಗೆ ನಖಶಿಖಾಂತ ಉರಿಯಿತು. “ಅಂವಾ ಕಂದೀಲ ಹಚ್ಚಿದ್ರ ನಾ ಬಾವ್ಯಾಗ ಜಿಗೀತೇನಿ” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಿತ್ತು.

ಮುಂದಿನ ರವಿವಾರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಡಿಕೆ ತಿರುಗಿತು. ಹಕ್ಕಿ ಹತ್ತಿರ ಬಂತು, ಆಡು ಬಂಡೆಯ ಹಿಂದೆ ಅಡಗಿತು. ಕಡೆಯ ಚಿತ್ರದಲ್ಲಿ ಕಾವಲುಗಾರ ಕಂದೀಲನ್ನು ನೆಲದ ಮೇಲಿಟ್ಟು, ಬೆನ್ನು ತಿರುಗಿಸಿ ಕತ್ತಲಿಗೆ ನಡೆಯುತ್ತಿದ್ದ. ಗೆಳತಿ ಗೆದ್ದೆ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಚಿತ್ರ ಇನ್ನೊಂದು ಗೇಣು ಸರಿಯಿತು, ಆ ಕಂದೀಲಿನ ನಡುವಿನಿಂದ ಬಿಳೀ ಬೆಳಕು ಚುಚ್ಚಿಕೊಂಡು ಬಂದು ಎದುರಿನ ಗೋಡೆಗೆ ಬಿತ್ತು. ಬಣ್ಣದ ಬೆಳಕಲ್ಲ, ಸಾಕ್ಷಾತ್ ಬಿಸಿಲು. ಕೋಣೆಗೆ ಕೋಣೆಯೇ ಕೂಗಿತು. ನಾನು ಎದ್ದು ನಿಂತು ವ್ಯಾಖ್ಯಾನ ಶುರು ಮಾಡಿದೆ: ಅವನು ಓಡುತ್ತಿಲ್ಲ, ಹಿಂದೆ ಬರುವವರಿಗೆ ಎಂದು ದೀಪ ಹಚ್ಚಿಟ್ಟು ಹೊರಟಿದ್ದಾನೆ, ಈಗ ಕತ್ತಲಲ್ಲಿ ನಡೆಯಲು ಅವನಿಗೆ ಕಂದೀಲೇ ಬೇಕಿಲ್ಲ. ಮಾಮು ಮಾತ್ರ ಡಬ್ಬಿಯ ಹಿಂದೆ ಬಗ್ಗಿ ನೋಡಿ, ಕಾಗದಕ್ಕೆ ಬೆರಳು ತಾಗಿಸಿ, ಪಟ್ಟಿ ಸುತ್ತಿಟ್ಟ.

ಮೆರವಣಿಗೆಯೇ ಬಾವಿಗೆ ಬಂತು, ಅದೂ ಮರುದಿನ ಸಾಲಿ ಬಿಟ್ಟ ಕೂಡಲೆ. ಕಟ್ಟೆಯ ಮೇಲೆ ನಿಂತಾಗ ನನ್ನ ವ್ಯಾಖ್ಯಾನವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ, ಕುಕ್ಕರಿಸಿ ಎರಡೂ ಕೈಯಿಂದ ಕಟ್ಟೆ ಹಿಡಿದುಕೊಂಡೆ. ದೊಡ್ಡವ್ವ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು. “ಹಗ್ಗಾ ನಾ ಬಿಡಂಗಿಲ್ಲ” ಎಂದಳು. “ಕಟ್ಟೀ ನೀ ಬಿಡು.”

ಬಿಟ್ಟೆ. ಮೂಗು, ಕಿವಿ, ಬಾಯಿ ಎಲ್ಲ ನೀರಾದವು. ಬುರುಡೆ ನನ್ನನ್ನು ಎತ್ತಿ ತಂದಾಗ ಮೇಲೆ ಸಾಲಾಗಿ ಇಣುಕುತ್ತಿದ್ದ ತಲೆಗಳು ಕಂಡವು. ನಕ್ಕೆ, ಮತ್ತಷ್ಟು ನೀರು ಕುಡಿದೆ. ಅವತ್ತು ಕತ್ತಲಾಗುವ ಮೊದಲು ಏಳು ಸಲ ಜಿಗಿದೆ. ಅಷ್ಟು ಖುಷಿಯನ್ನು ನಾನು ಮದುವೆಯ ದಿನವೂ ಪಡಲಿಲ್ಲ, ಇದನ್ನು ಯಜಮಾನರಿಗೂ ಹೇಳಿದ್ದೇನೆ.

ಮುಂದಿನ ರವಿವಾರ ಬಬಲೇಶ್ವರದ ಪಾಳಿ. ಆದರೂ ಮಾಮು ನಮ್ಮೂರಿಗೇ ಬಂದ. ಬಸ್‌ಸ್ಟ್ಯಾಂಡಿನಲ್ಲೇ ಗೆಳತಿ ಅವನಿಗೆ ನಾನು ಜಿಗಿದದ್ದನ್ನು ವರದಿ ಮಾಡಿದ್ದಳು. ಅವನು ನನ್ನನ್ನು ಕಿಟಕಿಯ ಹತ್ತಿರ ಕರೆದು ಆ ಪಟ್ಟಿ ಬಿಚ್ಚಿದ. ಕಂದೀಲಿನ ಜಾಗದಲ್ಲಿ ಬೆಳಕಿರಲಿಲ್ಲ, ತೂತಿತ್ತು. ಅಂಚೆಲ್ಲ ಸಣ್ಣ ಸಣ್ಣ ಹಲ್ಲಿನ ಗುರುತು.

“ಇಲಿ ತಿಂದೈತಿ ಬೇಟಿ. ಎಣ್ಣಿ ವಾಸನಿಗೆ ಬಂದಿತ್ತು. ಬಬಲೇಶ್ವರದಾಗ ತೋರಿಸಿದಾಗ ಈ ತೂತ ಇರಲಿಲ್ಲ.”

ಅಲ್ಲಿನ ಮಕ್ಕಳು ನೋಡಿದ ಕಂದೀಲು ಹೊತ್ತಿರಲಿಲ್ಲ. ಕಾವಲುಗಾರ ನಿಜವಾಗಿಯೂ ಓಡಿಹೋಗಿದ್ದ. ಮುಂದಿನ ಭಾಗದಲ್ಲಿ ಹಕ್ಕಿ ಅವನನ್ನು ತಿನ್ನಬೇಕೆಂದು ಮಾಮು ಬರೆದೂ ಇಟ್ಟಿದ್ದ. ನನಗೆ ಅಳು ಬಂತು. ಗೆಳತಿ ಹೇಳಿದ್ದೇ ಸರಿ, ನಾನು ಒಂದು ಇಲಿಯ ಹಲ್ಲನ್ನು ನಂಬಿ ಬಾವಿಗೆ ಬಿದ್ದವಳು. ಹಾಗಾದರೆ ಅವನನ್ನು ಹಕ್ಕಿ ತಿನ್ನುತ್ತದೆಯೇ ಎಂದು ಕೇಳಿದೆ.

ಮಾಮು ಹಕ್ಕಿ ಅವನನ್ನು ತಿನ್ನುವ ಆ ಹೊಸ ಪಟ್ಟಿಯನ್ನು ಹರಿದು ಎರಡು ತುಂಡು ಮಾಡಿದ. “ನೀ ಜಿಗದೀಯಂತಲ್ಲ” ಎಂದ. “ಇನ್ನ ಅವನ್ನ ನಾ ಹೆಂಗ ಓಡಸಲಿ?”

ಬಬಲೇಶ್ವರಕ್ಕೆ ಒಯ್ಯಲು ಅವನು ಅಲ್ಲೇ ಕುಳಿತು ಆ ಕೊನೆಯ ಚಿತ್ರವನ್ನು ಹೊಸ ಕಾಗದದ ಮೇಲೆ ಬರೆದ, ಎಣ್ಣೆ ಒರೆಸಿದ. ಬೇಲಿಯಿಂದ ಒಂದು ಜಾಲಿ ಮುಳ್ಳು ಮುರಿದು ತಂದು ನನ್ನ ಕೈಗೆ ಕೊಟ್ಟ. ಕಾಗದವನ್ನು ಕಿಟಕಿಗೆ ಹಿಡಿದು ಕಂದೀಲಿನ ನಡುವೆ ನಾನೇ ಚುಚ್ಚಿದೆ. ಆ ತೂತಿನಿಂದ ಬಂದ ಬಿಸಿಲು ನೆಟ್ಟಗೆ ಹೋಗಿ ಗೆಳತಿಯ ಮೂಗಿನ ಮೇಲೆ ಕುಳಿತಿತು. ಅವಳು ಕಣ್ಣು ಕಿರಿದು ಮಾಡಿಕೊಂಡು ಅದನ್ನೇ ನೋಡಿದಳು, ಆಮೇಲೆ ಇನ್ನೂ ಸ್ವಲ್ಪ ದೊಡ್ಡದು ಮಾಡು ಎಂದಳು.